ಚಪ್ಪಟೆ ಕಲ್ಲಿಗೆ ಸಹಿ ಹಾಕದವರು

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಶಾಂತ ಸ್ವಭಾವದವರು ಎಂದರು. ಮೃದುಭಾಷಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಬದುಕಿದ್ದಾಗ ಆ ಹೆಣ್ಣುಮಗಳ ಬಾಯಿಗೆ ಹೆದರಿ ಕಾರಿಡಾರಿನಲ್ಲಿ ದಾರಿ ಬದಲಿಸುತ್ತಿದ್ದವರು, ಸತ್ತ ಮೇಲೆ ಅವರ ಹಲ್ಲು ಉಗುರು ಕಿತ್ತು ಹಾರ ಹಾಕುತ್ತಿದ್ದರು.

ಅವರು ಶಾಂತ ಸ್ವಭಾವದವರಾಗಿರಲಿಲ್ಲ. ಹೊಂದಿಕೊಂಡು ಹೋಗುತ್ತಿರಲಿಲ್ಲ. ನನ್ನ ಮನಸ್ಸನ್ನೇ ಎಷ್ಟೋ ಸಲ ನೋಯಿಸಿದ್ದರು. ಅವರು ಹೇಗಿದ್ದರೋ ಹಾಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಕಾಲೇಜಿನವರು ಈಗ ಒಂದು ಬಹುಮಾನಕ್ಕೆ ಇಟ್ಟುಕೊಂಡಿದ್ದಾರೆ, ಅವರೇ ಇಟ್ಟುಕೊಳ್ಳಲಿ.

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಅವರು ರಸ್ತೆ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಜೊತೆಗೆ ಅಲ್ಲಿನ ಪರೀಕ್ಷಾ ಪ್ರಯೋಗಾಲಯ ಅವರ ಕೈಯಲ್ಲಿತ್ತು. ಊರಿನ ಸುತ್ತಮುತ್ತ ರಸ್ತೆ ಮಾಡುವ ಗುತ್ತಿಗೆದಾರರು ತಮ್ಮ ಕಲ್ಲು, ಮರಳು, ಡಾಂಬರನ್ನು ಅಲ್ಲಿಗೆ ಪರೀಕ್ಷೆಗೆ ಕಳಿಸಬೇಕು. ಇವರು ಸಹಿ ಹಾಕಿದರೆ ಕೆಲಸ ಮುಂದೆ ಹೋಗುತ್ತದೆ. ನಾನು ಧಾರವಾಡದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹೊಸ ಉಪನ್ಯಾಸಕಿಯಾಗಿ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಗಿಡ್ಡ ಆಳು. ಗಂಜಿ ಹಾಕಿದ ನೂಲಿನ ಸೀರೆ, ಅದರ ಕೆಳಗೆ ಓಟಗಾರರು ಹಾಕುವಂಥ ಬಿಳಿ ಕ್ಯಾನ್ವಾಸ್ ಬೂಟು. ಬೂಟು ನೋಡಿ ನಕ್ಕವರಿಗೆ, ಚಪ್ಪಲಿ ಹಾಕಿಕೊಂಡು ಖಡಿ ಗುಡ್ಡೆ ಹತ್ತಿ ತೋರಿಸಿರಿ ಎನ್ನುತ್ತಿದ್ದರು. ಬೆಂಗಳೂರಿನ ಕಡೆಯವರು ಜಲ್ಲಿ ಎನ್ನುವುದಕ್ಕೆ ನಮ್ಮಲ್ಲಿ ಖಡಿ ಎನ್ನುತ್ತಾರೆ.

ಹೊಸ ತರಗತಿಗೆ ಅವರು ಪುಸ್ತಕ ತರುತ್ತಿರಲಿಲ್ಲ. ಒಂದು ಚೀಲ ಖಡಿ ತರಿಸಿ ಮೇಜಿನ ಮೇಲೆ ಸುರಿಯುತ್ತಿದ್ದರು. ಪ್ರತಿಯೊಬ್ಬರೂ ಬಂದು, ಕಣ್ಣು ಮುಚ್ಚಿ ಒಂದು ಕಲ್ಲು ಎತ್ತಿಕೊಂಡು, ಬೆರಳಿನಲ್ಲೇ ಅದರ ಆಕಾರ ಹೇಳಬೇಕು. ಹುಡುಗಿಯರು ಉಗುರಿನ ಬಣ್ಣ ಹೋಗುತ್ತದೆಂದು ಹಿಂಜರಿದರೆ, ಹುಡುಗರು ನಾಚಿದರೆ, ಅವರ ಕೈಯನ್ನು ತಾವೇ ಹಿಡಿದು ಖಡಿಯೊಳಗೆ ತುರುಕುತ್ತಿದ್ದರು. ಆಮೇಲೆ ಒಂದು ಚಪ್ಪಟೆ ಚಕ್ಕೆಯನ್ನು ಎರಡು ಕಲ್ಲುಗಳ ಮೇಲೆ ಸೇತುವೆಯಂತೆ ಇಟ್ಟು ಬೂಟಿನ ಹಿಮ್ಮಡಿಯಿಂದ ತುಳಿಯುತ್ತಿದ್ದರು. ಅದು ಕಟ್ಟೆಂದು ಎರಡು ತುಂಡಾಗುತ್ತಿತ್ತು. ಅದೇ ಜಾಗದಲ್ಲಿ ದಾಳದಂತೆ ನಾಲ್ಕೂ ಕಡೆ ದಪ್ಪವಿರುವ, ಮೂಲೆ ಚೂಪಾಗಿರುವ ಕಲ್ಲು ಇಟ್ಟು ತರಗತಿಯಲ್ಲಿ ಎಲ್ಲರಿಗಿಂತ ದಪ್ಪ ಹುಡುಗನನ್ನು ಕರೆದು ತುಳಿ ಎನ್ನುತ್ತಿದ್ದರು. ಅವನ ಕಾಲು ನೋಯುತ್ತಿತ್ತು, ಕಲ್ಲು ಹಾಗೇ ಇರುತ್ತಿತ್ತು.

“ಡಾಂಬರು ಅಂಟಿಸ್ತದ, ಭಾರ ಹೊರೂದಿಲ್ಲ. ಭಾರ ಹೊರೂದು ಕಲ್ಲು,” ಎನ್ನುತ್ತಿದ್ದರು. “ಕಲ್ಲಿನ ಆಕಾರ ಕೆಟ್ಟಿತ್ತಂದ್ರ ಮ್ಯಾಲೆ ನೀವು ತುಪ್ಪಾ ಸುರುವಿದ್ರೂ ರಸ್ತಾ ನಿಲ್ಲೂದಿಲ್ಲ.”

ಅಷ್ಟು ಸರಳವಾಗಿ ಆ ವಿಷಯವನ್ನು ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಹೊಳೆಯ ಗುಂಡುಗಲ್ಲು ಹಾಕಿದರೆ ಒಂದರ ಮೇಲೊಂದು ಉರುಳುತ್ತವೆ, ಲಾರಿಯ ಗಾಲಿ ಹೋದ ಕಡೆ ರಸ್ತೆ ಕೆಳಗಿಳಿದು ಕಾಲುವೆಯಾಗುತ್ತದೆ. ಉದ್ದ ಕಡ್ಡಿಯಂಥ ಕಲ್ಲು, ಚಪ್ಪಟೆ ಚಕ್ಕೆಯಂಥ ಕಲ್ಲು ಹಾಕಿದರೆ ರೋಲರಿನ ಕೆಳಗೇ ಮುರಿಯುತ್ತವೆ. ಮುರಿದ ಹೊಸ ಮುಖಕ್ಕೆ ಡಾಂಬರು ಹತ್ತಿರುವುದಿಲ್ಲ. ಮಳೆನೀರು ಅಲ್ಲಿಂದ ಒಳಹೊಕ್ಕು, ಅಕ್ಕಪಕ್ಕದ ಕಲ್ಲಿನಿಂದಲೂ ಡಾಂಬರನ್ನು ಬಿಡಿಸುತ್ತದೆ. ಮೊದಲು ಒಂದು ಕಲ್ಲು ಏಳುತ್ತದೆ, ಆಮೇಲೆ ಅದರ ನೆರೆಯವು ಏಳುತ್ತವೆ, ಆಮೇಲೆ ತಗ್ಗು. ದಾಳದಂಥ ಕಲ್ಲುಗಳಾದರೆ ಮೂಲೆಗೆ ಮೂಲೆ ಕೊಟ್ಟು ಬಿಗಿಯಾಗಿ ಕೂಡುತ್ತವೆ, ಗಾಲಿ ಒತ್ತಿದಷ್ಟೂ ಇನ್ನೂ ಬಿಗಿಯಾಗುತ್ತವೆ.

ಚಪ್ಪಟೆ ಕಲ್ಲಿಗೆ ಅವರು ಹಪ್ಪಳ ಎಂದು ಹೆಸರಿಟ್ಟಿದ್ದರು. ಹಪ್ಪಳ ಹುಡುಕುವುದು ಅವರಿಗೆ ಒಂದು ರೋಗವೇ ಆಗಿತ್ತು. ಕಾಲೇಜಿನ ವ್ಯಾನು ಯಾವುದಾದರೂ ಕಾಮಗಾರಿಯ ಪಕ್ಕ ಹೋದರೆ ನಿಲ್ಲಿಸಿ ಇಳಿಯುತ್ತಿದ್ದರು. ಕೇಶ್ವಾಪುರದ ಒಂದು ಮದುವೆಗೆ ನನ್ನನ್ನು ಕರೆದುಕೊಂಡು ಹೋದವರು, ಮಂಟಪದ ಅಂಗಳದಲ್ಲಿ ಬಿದ್ದಿದ್ದ ಖಡಿ ನೋಡಿ ಬೀಗರ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಆರಿಸತೊಡಗಿದರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಜೊತೆ ಕಲ್ಲು ಇರುತ್ತಿತ್ತು.

ಬಾಯಿ ಕೆಟ್ಟದ್ದು ಎಂಬುದನ್ನೂ ಹೇಳಿಬಿಡಬೇಕು. ನಾನು ಪಾಠ ಮಾಡುವುದನ್ನು ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿ, ನೀ ಪಾಠಾ ಹೇಳೂದಿಲ್ಲ ತಂಗಿ, ವಾರ್ತಾ ಓದ್ತಿ ಎಂದರು. ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಗುಮಾಸ್ತರನ್ನು ಬೈದು ಆಮೇಲೆ ತಪ್ಪು ತಮ್ಮದೇ ಎಂದು ಗೊತ್ತಾದರೂ ಕ್ಷಮಿಸಿ ಎನ್ನುತ್ತಿರಲಿಲ್ಲ. ಮರುದಿನ ಅವರ ಮೇಜಿನ ಮೇಲೆ ಒಂದು ಡಬ್ಬಿ ಚಕ್ಕುಲಿ ಇಟ್ಟು ಹೋಗುತ್ತಿದ್ದರು. ಚಕ್ಕುಲಿ ಮಾಡುತ್ತಿದ್ದವರು ಅವರ ಗಂಡ. ಬ್ಯಾಂಕಿನಲ್ಲಿದ್ದು ಬೇಗ ನಿವೃತ್ತಿ ತೆಗೆದುಕೊಂಡಿದ್ದ ಆ ಮನುಷ್ಯ ಮನೆಯ ಅಡುಗೆಯನ್ನೆಲ್ಲ ಸಂತೋಷದಿಂದ ನೋಡಿಕೊಳ್ಳುತ್ತಿದ್ದರು.

ಮಕ್ಕಳಿರಲಿಲ್ಲ. ಗೋಪನಕೊಪ್ಪದ ಒಂದು ಹೊಸ ಬಡಾವಣೆಯಲ್ಲಿ ಇಬ್ಬರೂ ಮನೆ ಕಟ್ಟಿಸಿಕೊಂಡಿದ್ದರು. ಮನೆಗಳೆಲ್ಲ ಎದ್ದು ಎಷ್ಟೋ ವರ್ಷವಾದರೂ ಅಲ್ಲಿಗೆ ರಸ್ತೆ ಬಂದಿರಲಿಲ್ಲ. ಮಳೆಗಾಲದಲ್ಲಿ ಕರಿಮಣ್ಣು ಚಪ್ಪಲಿಯನ್ನು ಕಿತ್ತಿಟ್ಟುಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಒಗೆದ ಬಟ್ಟೆಯ ಮೇಲೆ ಧೂಳು ಕೂರುತ್ತಿತ್ತು. ಎದುರು ಮನೆಯಲ್ಲಿ ಕಾಳಿನ ವ್ಯಾಪಾರದ ಮನೆತನದ ಒಬ್ಬ ಹಿರಿಯ ಹೆಂಗಸಿದ್ದರು, ಬಡಾವಣೆಯವರೆಲ್ಲ ಅವರನ್ನು ಕಾಕು ಎನ್ನುತ್ತಿದ್ದರು. ಆ ಕಾಕುವಿನ ಗಂಡ ಕೆಸರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಆಂಬುಲೆನ್ಸ್ ಒಳಗೆ ಬರಲಾಗದೆ, ಅವರನ್ನು ಹೊರಸಿನ ಮೇಲೆ ಹೊತ್ತು ಮುಖ್ಯರಸ್ತೆಗೆ ಒಯ್ದಿದ್ದರು. ಹೀಗಿರುವಾಗ ಅಂತೂ ರಸ್ತೆ ಮಂಜೂರಾಯಿತು. ಬಡಾವಣೆಯ ತುಂಬ ಪೇಡೆ ಹಂಚಿದರು.

ಆ ರಸ್ತೆಯ ಖಡಿ ನಮ್ಮ ಪ್ರಯೋಗಾಲಯಕ್ಕೇ ಬಂತು.

ಗುತ್ತಿಗೆದಾರ ಅವರದೇ ಹಳೆಯ ವಿದ್ಯಾರ್ಥಿ. ಬರಿಯ ವಿದ್ಯಾರ್ಥಿ ಅಲ್ಲ, ತರಗತಿಯಲ್ಲಿ ಕಣ್ಣು ಮುಚ್ಚಿ ಕಲ್ಲಿನ ಆಕಾರವನ್ನು ಒಮ್ಮೆಯೂ ತಪ್ಪದೆ ಹೇಳಿದ ಹುಡುಗ. ಅವನ ಬೆರಳಿಗೆ ಬುದ್ಧಿ ಇದೆ ಎಂದು ಆಮೇಲಿನ ಎಲ್ಲ ತರಗತಿಗಳಿಗೂ ಅವರು ಹೇಳುತ್ತಿದ್ದರು. ಪ್ರತಿ ವರ್ಷ ಶಿಕ್ಷಕರ ದಿನಕ್ಕೆ ಹಣ್ಣು ತಂದು ಕಾಲು ಮುಟ್ಟಿ ಹೋಗುತ್ತಿದ್ದ.

ಮೇಡಂ ಮತ್ತು ನಾನು ಸೇರಿಯೇ ಪರೀಕ್ಷೆ ಮಾಡಿದೆವು. ಅದರಲ್ಲಿ ಗುಟ್ಟೇನಿಲ್ಲ. ಬೇರೆ ಬೇರೆ ಅಗಲದ ಸೀಳುಗಳಿರುವ ಒಂದು ಲೋಹದ ಹಲಗೆ ಇರುತ್ತದೆ, ಗೇಜು ಎನ್ನುತ್ತೇವೆ. ಒಂದೊಂದೇ ಕಲ್ಲನ್ನು ಅದರ ಗಾತ್ರಕ್ಕೆ ತಕ್ಕ ಸೀಳಿನಲ್ಲಿ ತೂರಿಸಬೇಕು. ತೂರಿ ಕೆಳಗೆ ಬಿದ್ದದ್ದು ಚಪ್ಪಟೆ, ತೂರದೆ ನಿಂತದ್ದು ಒಳ್ಳೆಯದು. ಆ ದಿನ ಕೆಳಗಿನ ತಟ್ಟೆ ತುಂಬುತ್ತಲೇ ಹೋಯಿತು. ಧಾರವಾಡ ಸೀಮೆಯ ಕಲ್ಲು ಬಹಳ ಕಡೆ ಪದರ ಪದರವಾಗಿರುತ್ತದೆ, ಹಳೆಯ ಕ್ರಷರಿನ ಒಂದೇ ದವಡೆಯಲ್ಲಿ ಒಡೆದರೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಯಂತ್ರದಲ್ಲಿ ಹಾಕಿ ಕಲ್ಲಿಗೆ ಕಲ್ಲು ಹೊಡೆಸಿ ಮೂಲೆ ತಿದ್ದಬೇಕು. ಈ ಕ್ರಷರಿನವರು ಆ ಗೋಜಿಗೆ ಹೋಗಿರಲಿಲ್ಲ. ಮೇಡಂ ತಟ್ಟೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೊಮ್ಮೆ ಮಾಡೋಣ ಎಂದರು. ಅವರು ಹಾಗೆ ಎಂದದ್ದು ನನಗೆ ಆಶ್ಚರ್ಯ. ತಮ್ಮ ಮನೆಯ ಮುಂದಿನ ರಸ್ತೆ, ತಮ್ಮದೇ ಹುಡುಗ. ಎರಡನೇ ಸಲವೂ ತಟ್ಟೆ ತುಂಬಿತು. ಅನರ್ಹ ಎಂದು ಬರೆದು ಸಹಿ ಮಾಡಿದರು.

ಆ ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಆಗ ಆತ ಬಂದ. ಕಾಲು ಮುಟ್ಟಿದ, ಕುರ್ಚಿಯ ತುದಿಯಲ್ಲಿ ಕೂತ. ಈ ಖಡಿ ಬೇರೆ ಎಷ್ಟೋ ಕಡೆ ನಡೆದಿದೆ, ಇದೇನು ಹೆದ್ದಾರಿಯಲ್ಲ, ಸ್ಕೂಟರು ಆಟೊ ಓಡಾಡುವ ಒಳರಸ್ತೆ ಎಂದು ವಿವರಿಸಿದ. ಜನ ಕಾಯುತ್ತಿದ್ದಾರೆ, ನಿಮಗೂ ಅನುಕೂಲ ಎಂದ. ಮೇಡಂ ಒಳಗೆ ಹೋಗಿ, ಅವನದೇ ಖಡಿಯನ್ನು ಒಂದು ಬೊಗಸೆ ತಂದು ಟೀಪಾಯಿಯ ಮೇಲೆ ಹಾಕಿದರು.

“ಕಣ್ಣು ಮುಚ್ಚಿ ಹೇಳು ತಮ್ಮಾ. ನಾನ ಕಲಿಸೀನಿ ನಿನಗ.”

ಆತ ಒಂದು ಕಲ್ಲು ಎತ್ತಿಕೊಂಡ. ಹೆಬ್ಬೆರಳು ಅದರ ಮೇಲೆ ತಾನೇ ತಾನಾಗಿ ಸರಿದಾಡಿತು. ಆದರೆ ಕಣ್ಣು ಮುಚ್ಚಲಿಲ್ಲ. ಕಲ್ಲು ಕೆಳಗಿಟ್ಟು, ತಣ್ಣಗಾದ ಚಹಾ ಕುಡಿದು, ಬರ್ತೇನ್ರಿ ಎಂದು ಎದ್ದು ಹೋದ. ಅವನ ಬೈಕಿನ ಸದ್ದು ದೂರವಾಗುವವರೆಗೆ ಅವರು ಬಾಗಿಲಲ್ಲೇ ನಿಂತಿದ್ದರು. ಊಟದ ಹೊತ್ತಿಗೆ ಅವರು ಅನ್ನ ಬಡಿಸಿಕೊಳ್ಳಲೇ ಇಲ್ಲ.

ಮುಂದೆ ಕಾಲೇಜಿನ ಚೇರ್ಮನ್ನರು ಕರೆಸಿದರು. ಒಳ್ಳೆಯ ಮಾತುಗಾರರು, ಸಿಟ್ಟು ಮಾಡಿಕೊಳ್ಳದವರು. ಪ್ರಯೋಗಾಲಯಕ್ಕೆ ಬರುವವರೆಲ್ಲ ಹೀಗೆ ತಿರುಗಿ ಹೋದರೆ ನಾಳೆ ಯಾರೂ ಬರುವುದಿಲ್ಲ ಎಂದರು. ಕಾನೂನಿನ ಜೊತೆಗೆ ವ್ಯವಹಾರವೂ ಬೇಕು, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂದರು. ನಾನು ಮೇಡಂ ಪಕ್ಕ ನಿಂತಿದ್ದೆ.

“ನನಗ ಹೇಳಿ ಏನ್ ಉಪಯೋಗ್ರಿ ಸಾಹೇಬ್ರ? ಕಲ್ಲಿಗೆ ಹೇಳ್ರಿ ಅಡ್ಜಸ್ಟ್ ಮಾಡ್ಕೋ ಅಂತ,” ಎಂದರು ಮೇಡಂ. “ಅದು ದಪ್ಪ ಆತಂದ್ರ ನಾ ಈಗ ಸಹಿ ಮಾಡ್ತೀನಿ.”

ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ಆದೇಶ ಬಂತು. ಹಿರಿಯ ಪ್ರಾಧ್ಯಾಪಕರ ಮೇಲಿನ ಹೊರೆ ಇಳಿಸುವ ಸಲುವಾಗಿ ಅವರನ್ನು ಪ್ರಯೋಗಾಲಯದಿಂದ ಬಿಡುಗಡೆ ಮಾಡಿ, ಮೊದಲ ವರ್ಷದ ಮಕ್ಕಳಿಗೆ ಡ್ರಾಯಿಂಗ್ ಕಲಿಸಲು ನೇಮಿಸಲಾಗಿತ್ತು. ಪ್ರಯೋಗಾಲಯದ ಬೀಗದ ಕೈ ನನ್ನ ಕೈಗೆ ಬಂತು. ಅವರೇ ಅದನ್ನು ತಂದು ಕೊಟ್ಟು ಡ್ರಾಯಿಂಗ್ ತರಗತಿಗೆ ಹೋದರು. ಅವರು ಏನಾದರೂ ಹೇಳಿಯಾರು ಎಂದು ನಾನು ಕಾದಿದ್ದೆ.

ಚೇರ್ಮನ್ನರು ನನ್ನನ್ನು ಕರೆದು, ಹೊಸ ಸ್ಯಾಂಪಲ್ ಬಂದಿದೆ, ಹೊಸ ಕಣ್ಣಿನಿಂದ ನೋಡು ಎಂದರು. ಪ್ರಯೋಗಾಲಯದ ಬಾಗಿಲಲ್ಲಿ ಒಂದು ಚೀಲ ಇತ್ತು. ಬಿಚ್ಚಿ ನೋಡಿದರೆ ಆರಿಸಿ ತುಂಬಿದಂತೆ ಎಲ್ಲ ದಾಳದಂಥ ಕಲ್ಲು. ನನ್ನ ಕೆಲಸ ಖಾಯಂ ಆಗಿರಲಿಲ್ಲ, ಮನೆಯಲ್ಲಿ ತಂಗಿಯ ಓದು ನನ್ನ ಸಂಬಳದ ಮೇಲೆ ನಡೆಯುತ್ತಿತ್ತು. ಆ ಚೀಲವನ್ನು ಪರೀಕ್ಷೆ ಮಾಡಿದ್ದರೆ ಸುಳ್ಳು ಬರೆಯುವ ಅಗತ್ಯವೂ ಇರಲಿಲ್ಲ, ಚೀಲದೊಳಗೆ ಇದ್ದದ್ದನ್ನೇ ಬರೆದರೆ ಸಾಕಿತ್ತು. ನಾನು ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟೆ. ಆಟೊ ಹಿಡಿದು ಗೋಪನಕೊಪ್ಪಕ್ಕೆ ಹೋದೆ. ರಸ್ತೆಗೆಂದು ಅಲ್ಲಿ ತಂದು ಹಾಕಿದ್ದ ಗುಡ್ಡೆಯ ಮೇಲಿನಿಂದ, ನಡುವಿನಿಂದ, ಬುಡದಿಂದ ನಾನೇ ಖಡಿ ತುಂಬಿಕೊಂಡು ಬಂದು ಪರೀಕ್ಷೆ ಮಾಡಿದೆ. ತಟ್ಟೆ ಮತ್ತೆ ತುಂಬಿತು. ನಾನೂ ಅನರ್ಹ ಎಂದು ಬರೆದೆ.

ಸಂಜೆ ಸ್ಟಾಫ್ ರೂಮಿನಲ್ಲಿ ಅವರಿಗೆ ಹೇಳಿದೆ. ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. “ಗೇಜು ಒರಿಸಿ ಇಟ್ಟಿಯಿಲ್ಲೋ?” ಎಂದು ಕೇಳಿದರು. ಒರೆಸಿದ್ದೇನೆ ಎಂದೆ. ತಲೆಯಾಡಿಸಿ ಮತ್ತೆ ಡ್ರಾಯಿಂಗ್ ಹಾಳೆ ತಿದ್ದತೊಡಗಿದರು. ಆದರೆ ಅಂದು ನನ್ನ ಬಸ್ಸು ಹೊರಡುವವರೆಗೂ ಸ್ಟ್ಯಾಂಡಿನಲ್ಲಿ ನನ್ನ ಜೊತೆ ನಿಂತಿದ್ದರು. ಅದಕ್ಕೆ ಮೊದಲು ಎಂದೂ ನಿಂತಿರಲಿಲ್ಲ.

ಇದೆಲ್ಲದರ ನಡುವೆ ರಸ್ತೆಯ ಕೆಲಸ ನಿಂತಿತ್ತು. ಕಾಲೇಜಿನವರ ಸಿಟ್ಟನ್ನು ಮೇಡಂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನೆರೆಯವರ ಸಿಟ್ಟು ಬೇರೆ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ, ಒಬ್ಬರ ಹಟಕ್ಕೆ ನಾವೆಲ್ಲ ಧೂಳು ಕುಡಿಯಬೇಕೇನು ಎಂದು ಬರೆದರು. ಹೆಸರು ಹೇಳದೆ ಬೈದರು, ಆಮೇಲೆ ಹೆಸರು ಹೇಳಿಯೂ ಬೈದರು. ಕಾಕು ಮಾತು ಬಿಟ್ಟರು. ಎದುರು ಬದುರು ಅಂಗಳ ಗುಡಿಸುವಾಗಲೂ ಮುಖ ತಿರುಗಿಸುತ್ತಿದ್ದರು. ಹೊರಸಿನ ಮೇಲೆ ಗಂಡನನ್ನು ಹೊತ್ತೊಯ್ದದ್ದನ್ನು ನೋಡಿದವರು ಅವರು, ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಮೇಡಂ ಅದನ್ನು ಒಪ್ಪುತ್ತಿದ್ದರು, ಆದರೆ ಸಹಿಯನ್ನು ತಿದ್ದುತ್ತಿರಲಿಲ್ಲ. ಅವರ ಗಂಡ ಮಾಡಿದ ಹೋಳಿಗೆಯನ್ನು ಹಬ್ಬದ ದಿನ ಯಾರ ಮನೆಯಲ್ಲೂ ಬಾಗಿಲು ತೆರೆದು ಈಸಿಕೊಳ್ಳಲಿಲ್ಲ. ಆ ಮನುಷ್ಯ ತಟ್ಟೆ ವಾಪಸು ತಂದು, ನಾವಿಬ್ಬರೇ ತಿನ್ನೋಣ ಎಂದರಂತೆ.

ಕೊನೆಗೆ ಗುತ್ತಿಗೆದಾರ ದೂರದ ಇನ್ನೊಂದು ಊರಿನ ಪ್ರಯೋಗಾಲಯದಿಂದ ಸರ್ಟಿಫಿಕೇಟ್ ತಂದ. ಕೆಲಸ ಶುರುವಾಯಿತು. ಸಣ್ಣ ಕಾಮಗಾರಿ, ರಸ್ತೆಯ ಬದಿಯಲ್ಲೇ ಡ್ರಮ್ಮು ತಿರುಗಿಸಿ ಖಡಿಗೆ ಕಾದ ಡಾಂಬರು ಕಲಸಿ ಹಾಸುತ್ತಿದ್ದರು. ಮುಖ್ಯರಸ್ತೆಯ ತುದಿಯಿಂದ ಕರ್ರಗೆ ಹೊಳೆಯುವ ರಸ್ತೆ ಒಳಗೆ ಬರತೊಡಗಿತು. ಮಕ್ಕಳು ಅದರ ಮೇಲೆ ಸೈಕಲ್ ಬಿಟ್ಟರು, ಯಾರೋ ರಂಗೋಲಿ ಹಾಕಿದರು. ಮುಂದಿನ ಹಂತಕ್ಕೆ ಬೇಕಾದ ಖಡಿಯನ್ನು ತಂದು ನೇರವಾಗಿ ಮೇಡಂ ಮನೆಯ ಗೇಟಿನ ಮುಂದೆ ಸುರಿದರು. ಗೇಟು ತೆರೆಯಲು ಬರದ ಹಾಗೆ. ಯಾರು ಹಾಗೆ ಹೇಳಿದರೋ, ಅಥವಾ ಟ್ರ್ಯಾಕ್ಟರಿನವನಿಗೆ ಅಲ್ಲೇ ಜಾಗ ಕಂಡಿತೋ, ಗೊತ್ತಿಲ್ಲ.

ಬೆಳಿಗ್ಗೆ ಅವರು ಕಂಪೌಂಡಿನ ಗೋಡೆ ದಾಟಿ ಹೊರಗೆ ಬಂದರು. ಐವತ್ತು ದಾಟಿದ ಹೆಂಗಸು, ಸೀರೆ, ಬೂಟು. ಮನೆಯಿಂದ ಒಂದು ಮಣೆ, ಹಿಟ್ಟು ನಾದುವ ಎರಡು ಪರಾತ ತರಿಸಿಕೊಂಡರು. ಅವರದೇ ಸ್ವಂತದ ಒಂದು ಹಳೆಯ ಗೇಜು ಇತ್ತು. ಗುಡ್ಡೆಯ ಬುಡದಲ್ಲಿ ಕೂತು, ಎಳೆ ಬಿಸಿಲಿನಲ್ಲಿ, ಒಂದೊಂದೇ ಕಲ್ಲನ್ನು ಸೀಳಿಗೆ ಹಾಕಿ ಎರಡು ಪರಾತಕ್ಕೆ ಬೇರೆ ಮಾಡತೊಡಗಿದರು. ಅಕ್ಕಿ ಆರಿಸುವವರ ಹಾಗೆ. ಯಾರನ್ನೂ ಕರೆಯಲಿಲ್ಲ. ಅಂದು ರಜೆ, ವಿಷಯ ತಿಳಿದು ನಾನು ಧಾರವಾಡದಿಂದ ಬರುವ ಹೊತ್ತಿಗೆ ಬೀದಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

ಕಾಕು ಬಂದರು. ಜಗಳಕ್ಕೇ ಬಂದರು.

“ನಿಮಗ ರಸ್ತಾ ಬ್ಯಾಡಾಗಿದ್ರ ಬಿಡ್ರಿ ಬಾಯಾರ. ನಮಗ ಬೇಕಾಗೈತಿ,” ಎಂದರು. “ನಮ್ಮ ಮನೀ ಹಿರೇರು ನೆಟ್ಟಗ ನಡ್ಯಾಕ ಬರಂಗಿಲ್ಲ ಈಗ.”

“ನನಗೂ ಬೇಕ್ರೀ ಕಾಕು. ಅದಕ್ಕ ಕೂತೀನಿ. ಎರಡು ಮಳೀಗೆ ಎದ್ದು ಹೋಗೂ ರಸ್ತಾ ಕೊಟ್ರ, ಮುಂದ ಇಪ್ಪತ್ತು ವರ್ಷ ನಮಗ ಇನ್ನೊಂದು ಕೊಡೂದಿಲ್ಲ. ಕೊಟ್ಟೀವಲ್ಲ ಅಂತಾರ.”

ಮೇಡಂ ಎರಡು ಕಲ್ಲಿನ ಮೇಲೆ ಒಂದು ಚಕ್ಕೆ ಇಟ್ಟು, ತುಳೀರಿ ಎಂದರು. ಬರಿಗಾಲಿನಲ್ಲಿ ಬಂದಿದ್ದ ಕಾಕುವಿಗೆ ತಮ್ಮ ಬೂಟು ಬಿಚ್ಚಿ ಕೊಟ್ಟರು. ಅದನ್ನು ಹಾಕಿಕೊಳ್ಳಲು ಕಾಕು ಒಪ್ಪಲಿಲ್ಲ, ಮನೆಯೊಳಗೆ ಹೋಗಿ ಒರಳಿನ ಗುಂಡಿನಂಥ ಏನನ್ನೋ ತಂದು ಮೆಲ್ಲಗೆ ಬಡಿದರು. ಚಕ್ಕೆ ಮುರಿಯಿತು. ಒಳ್ಳೆಯ ಕಲ್ಲಿಗೆ ಬಡಿದರು, ಮುರಿಯಲಿಲ್ಲ. ಆಮೇಲೆ ಎರಡು ಪರಾತಗಳನ್ನು ನೋಡಿದರು. ಹಪ್ಪಳದ ಪರಾತ ತುಂಬಿ ಚೆಲ್ಲುತ್ತಿತ್ತು. ಕಾಳು ಹಸನು ಮಾಡುತ್ತ ಬೆಳೆದ ಹೆಂಗಸಿಗೆ ಒಳ್ಳೆಯದು ಎಷ್ಟು ಕೆಟ್ಟದ್ದು ಎಷ್ಟು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಕೂತರು. ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ಮನೆಯವರು ಕೂತಿದ್ದರು.

ಮರುದಿನ ಬೆಳಿಗ್ಗೆ ಡ್ರಮ್ಮು ಹೊತ್ತಿಸಲು ಕೆಲಸಗಾರರು ಬಂದಾಗ, ಡಾಂಬರು ಮುಗಿದು ಮಣ್ಣು ಶುರುವಾಗುವ ಗೆರೆಯ ಮೇಲೆ ಮೇಡಂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕ ಕಾಕುವಿನ ಕುರ್ಚಿ. ಹಿಂದೆ ಇನ್ನೂ ಹೆಂಗಸರು. ಕೆಲಸಗಾರರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಗಂಡನಿಂದ ಎಲ್ಲರಿಗೂ ಚಹಾ ಮಾಡಿಸಿ ಕೊಟ್ಟರು. ಅಷ್ಟರಲ್ಲಿ ಚೇರ್ಮನ್ನರ ಫೋನು ಬಂತು. ಕಾಲೇಜಿನ ಮರ್ಯಾದೆ ಬೀದಿಗೆ ಬಂತು ಎಂದರಂತೆ. ಬೀದಿಯನ್ನು ನೋಡಬೇಕಾದರೆ ಬೀದಿಗೇ ಬರಬೇಕಲ್ಲರೀ ಎಂದು ಹೇಳಿ ಮೇಡಂ ಫೋನು ಇಟ್ಟರು.

ಗುತ್ತಿಗೆದಾರ ಬಂದ. ಬೈಕು ನಿಲ್ಲಿಸಿ ನಡೆದು ಬಂದ. ಅಷ್ಟು ಜನರ ಮುಂದೆ ಬಗ್ಗಿ ಅವರ ಕಾಲು ಮುಟ್ಟಿದ. ಅವರು ಅವನ ತಲೆಯ ಮೇಲೆ ಕೈ ಇಟ್ಟರು, ಕುರ್ಚಿಯಿಂದ ಮಾತ್ರ ಏಳಲಿಲ್ಲ.

“ಹಾಸಿದ್ದು ಹಾಸಿದಿ. ಇಲ್ಲಿಂದ ಮುಂದ ನಿನ್ನ ಹಪ್ಪಳ ನಡೆಯೂದಿಲ್ಲ,” ಎಂದರು.

ಆತ ಸುತ್ತ ನೋಡಿದ. ದನಿ ಇಳಿಸಿ ಹೇಳಿದ. “ಆ ಕ್ರಷರ್ ನಮ್ಮ ಮಾವಂದು ಐತ್ರಿ ಮೇಡಂ. ಬ್ಯಾರೆ ಕಡೆಯಿಂದ ಖಡಿ ತರಸಿದ್ರ ನಾ ಮನ್ಯಾಗ ಏನಂತ ಮಾರಿ ತೋರಿಸ್ಲಿ? ನೀವ ಹೇಳ್ರಿ.”

ಅಷ್ಟು ದಿನ ನನಗೆ ಆತ ಬರಿಯ ಕಳ್ಳನಂತೆ ಕಂಡಿದ್ದ. ಆಗ ನೋಡಿದರೆ ಕಣ್ಣ ಕೆಳಗೆ ಕಪ್ಪಾಗಿತ್ತು. ಮೇಡಂ ಅವನನ್ನು ಇನ್ನೂ ಹತ್ತಿರಕ್ಕೆ ಕರೆದರು.

“ನನ್ನ ಹೆಸರು ಹೇಳು. ಒಬ್ಬಾಕಿ ಹುಚ್ಚಿ ಅದಾಳ, ರಸ್ತಾದಾಗ ಕುರ್ಚಿ ಹಾಕ್ಕೊಂಡು ಕೂತಾಳ, ಏಳವಲ್ಲಳು ಅಂತ ಹೇಳು. ನಿಮ್ಮ ಮಾವಗ ಸಿಟ್ಟು ಬಂದ್ರ ನನ್ನ ಮನೀ ನಂಬರ್ ಕೊಡು, ಬಂದು ಬಯ್ದು ಹೋಗ್ಲಿ. ಆದ್ರ ನೀ ಕೆಟ್ಟ ಕಲ್ಲು ಹಾಕಬ್ಯಾಡ. ನಿನ್ನ ಬೆರಳಿಗೆ ಗೊತ್ತದ ತಮ್ಮಾ.”

ಆತ ಬೈಕು ಹತ್ತಿ ಹೊರಟುಹೋದ. ಅವರು ಆ ದಿನವೂ ಕೂತರು, ಮರುದಿನ ಕಾಲೇಜಿಗೆ ರಜೆ ಹಾಕಿಯೂ ಕೂತರು. ಬಿಸಿಲಿಗೆ ಕಾಕು ಒಂದು ಕೊಡೆ ಹಿಡಿಸಿದರು. ವಾಟ್ಸಾಪಿನಲ್ಲಿ ಬೈದವರೇ ಮಜ್ಜಿಗೆ ಕಳಿಸಿದರು, ಕೆಲವರು ಆಗಲೂ ಬೈಯುತ್ತಲೇ ಇದ್ದರು. ಕೊನೆಗೆ ಟ್ರ್ಯಾಕ್ಟರ್ ಬಂದು ಗೇಟಿನ ಮುಂದಿನ ಗುಡ್ಡೆಯನ್ನು ತುಂಬಿಕೊಂಡು ಹೋಯಿತು. ಹೊಸ ಖಡಿ ಬಂತು, ಬೇರೆ ಕ್ರಷರಿನದು. ಅದನ್ನು ನಮ್ಮ ಪ್ರಯೋಗಾಲಯಕ್ಕೆ ಯಾರೂ ಕಳಿಸಲಿಲ್ಲ. ಮೇಡಂ ಗುಡ್ಡೆಯೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಒಂದಾದ ಮೇಲೊಂದು ಕಲ್ಲು ತೆಗೆದು ನೋಡಿ, ಕುರ್ಚಿ ಎತ್ತಿಕೊಂಡು ಮನೆಗೆ ಹೋದರು. ಮುಂದಿನ ಕೆಲಸ ಮುಗಿಯುವವರೆಗೆ ಆ ಹುಡುಗ ತಾನೇ ನಿಂತು ಮಾಡಿಸಿದ. ಮೇಡಂ ಕಡೆ ತಿರುಗಿ ನೋಡಲಿಲ್ಲ. ಆ ವರ್ಷ ಶಿಕ್ಷಕರ ದಿನಕ್ಕೆ ಹಣ್ಣು ಬರಲಿಲ್ಲ, ಮುಂದೆ ಎಂದೂ ಬರಲಿಲ್ಲ.

ಪ್ರಯೋಗಾಲಯಕ್ಕೆ ಅವರನ್ನು ಮತ್ತೆ ಕರೆಯಲಿಲ್ಲ. ನನ್ನಿಂದಲೂ ಬೀಗದ ಕೈ ಕೆಲವೇ ದಿನಗಳಲ್ಲಿ ಹೋಯಿತು, ಬೇರೊಬ್ಬರು ಬಂದರು. ನಿವೃತ್ತಿಯವರೆಗೂ ಅವರು ಡ್ರಾಯಿಂಗ್ ಕಲಿಸಿದರು. ಆ ತರಗತಿಯಲ್ಲೂ ಮೇಜಿನ ಮೇಲೆ ಖಡಿ ಸುರಿದು, ಇದನ್ನು ಮೂರೂ ಕಡೆಯಿಂದ ಬರೆಯಿರಿ ಎನ್ನುತ್ತಿದ್ದರು. ದೂರು ಹೋಯಿತು. ಸಿಲಬಸ್ಸಿನಲ್ಲಿ ಘನವಸ್ತು ಬರೆಯಿಸಬೇಕು ಎಂದಿದೆ, ಇದಕ್ಕಿಂತ ಘನವಾದದ್ದು ಇದ್ದರೆ ತಂದುಕೊಡಿ ಎಂದು ಉತ್ತರ ಕೊಟ್ಟರು. ಬೀಳ್ಕೊಡುಗೆಯ ದಿನ ಶಾಲು ಹಾರ ತಂದಿದ್ದರು. ತಮಗೆ ಇನ್ನೊಂದು ತರಗತಿ ಇದೆ ಎಂದು ಹೇಳಿ, ಹೋಗಿ ಅದನ್ನು ಗಂಟೆ ಬಾರಿಸುವವರೆಗೂ ತೆಗೆದುಕೊಂಡು, ಹಿಂದಿನ ಗೇಟಿನಿಂದ ಮನೆಗೆ ಹೋದರು.

ರಸ್ತೆ? ಎರಡನೇ ಮಳೆಗಾಲಕ್ಕೆ ಮುಖ್ಯರಸ್ತೆಯ ಕಡೆಯ ಮುಂಭಾಗದ ತುಂಡು ಎದ್ದು ಹೋಯಿತು. ಮೊದಲು ಸಣ್ಣ ಕಲ್ಲುಗಳು ಬದಿಯಲ್ಲಿ ಕೂಡಿದವು, ಆಮೇಲೆ ತಗ್ಗು ಬಿದ್ದವು. ಮೇಡಂ ಕುರ್ಚಿ ಹಾಕಿದ್ದ ಗೆರೆಯ ಈಚೆಗಿನ ತುಂಡು ಹಾಗೇ ಇತ್ತು. ಅದೇ ಡಾಂಬರು, ಅದೇ ರೋಲರು, ಅದೇ ಮಳೆ. ನೀವು ಹೇಳಿದ್ದೇ ಖರೇ ಆಯಿತು ಎಂದು ನೆರೆಯವರು ಬಂದಾಗ ಮೇಡಂ ಸಿಡಿದೆದ್ದರು. ಖರೇ ಆಗಿದ್ದಕ್ಕೆ ತಮಗೇನೂ ಸಂತೋಷವಿಲ್ಲ, ಮುಂಭಾಗವನ್ನು ಮತ್ತೆ ಮಾಡಿಸಲು ಅರ್ಜಿ ಬರೆಯಿರಿ ಎಂದರು. ಎಲ್ಲರ ಸಹಿ ಹಾಕಿಸಿ ತಾವೇ ಕಚೇರಿಗೆ ಹೋಗಿ ಕೂರುತ್ತಿದ್ದರು. ಅಲ್ಲಿನ ಸಿಬ್ಬಂದಿ ಅವರ ಬಿಳಿ ಬೂಟು ಕಂಡೊಡನೆ ಊಟಕ್ಕೆ ಏಳುತ್ತಿದ್ದರಂತೆ. ಅಲ್ಲಲ್ಲಿ ತೇಪೆ ಹಾಕಿದರು, ತೇಪೆಯೂ ಎದ್ದಿತು. ಅವರು ಮತ್ತೆ ಹೋದರು.

ಆಮೇಲೆ ಬೆನ್ನಿನಲ್ಲಿ ನೋವು ಶುರುವಾಯಿತು. ಬಹಳ ದಿನ ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಕ್ಯಾನ್ಸರು ಮೂಳೆಗೆ ಇಳಿದಿತ್ತು. ಎಲ್ಲರೂ ಅವರ ಮುಂದೆ ಪಿಸುಗುಟ್ಟುತ್ತಿದ್ದರೆ ಅವರು ರೇಗುತ್ತಿದ್ದರು, ಡಾಕ್ಟರ ಹತ್ತಿರ ಸ್ಕ್ಯಾನಿನ ಚಿತ್ರ ಈಸಿಕೊಂಡು ಎಲ್ಲಿ ಟೊಳ್ಳಾಗಿದೆ ತೋರಿಸಿ ಎಂದು ವಾದ ಹಾಕುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ನಾನು ಮತ್ತು ಅವರ ಗಂಡ. ಇನ್ನು ಮಾಡುವುದೇನಿಲ್ಲ ಎಂದು ಕಳಿಸಿದ್ದರು. ಆಂಬುಲೆನ್ಸ್ ಬೇಡ, ಅದರ ಸದ್ದು ತಲೆಗೆ ಏರುತ್ತದೆ ಎಂದು ಹಟ ಹಿಡಿದು ಆಟೊ ಮಾಡಿಸಿದರು. ನಡುವೆ ಅವರು, ಎರಡು ಕಡೆ ನಾವು. ಮುಖ್ಯರಸ್ತೆಯಿಂದ ಬಡಾವಣೆಗೆ ತಿರುಗಿದ ಕೂಡಲೆ ಕುಲುಕಾಟ ಶುರುವಾಯಿತು. ಆಟೊದವನು ಅಯ್ಯಯ್ಯ ಎನ್ನುತ್ತ ತಗ್ಗು ತಪ್ಪಿಸುತ್ತಿದ್ದ. ಒಂದೊಂದು ತಗ್ಗಿಗೂ ಅವರ ಉಗುರು ನನ್ನ ಕೈಗೆ ನಾಟುತ್ತಿತ್ತು. ತುಟಿ ಕಚ್ಚಿಕೊಂಡಿದ್ದರು. ಅವರ ಗಂಡ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಆಮೇಲೆ ಒಮ್ಮೆಲೇ ಆಟೊ ಸದ್ದಿಲ್ಲದೆ ಓಡಿತು. ನನ್ನ ಕೈಯಲ್ಲಿದ್ದ ಬೆರಳುಗಳು ಸಡಿಲವಾದವು.

ಆಟೊದವನು ಕನ್ನಡಿಯಲ್ಲಿ ನಮ್ಮ ಕಡೆ ನೋಡಿ ಸಮಾಧಾನ ಹೇಳುವವನಂತೆ ಹೇಳಿದ. “ಇನ್ನ ತ್ರಾಸ ಇಲ್ರಿ ಅವ್ವಾರ. ಇಲ್ಲಿಂದ ಮುಂದ ಛಲೋ ಐತಿ. ಇದನ್ನ ಯಾರೋ ಬ್ಯಾರೆ ಗುತ್ತಿಗೆದಾರ ಮಾಡಿರಬೇಕು, ಮನಸ್ಸಿದ್ದಂವ.”

ಅವರು ತಲೆ ಎತ್ತಿದರು. ಎರಡು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ. ಆದರೂ ತರಗತಿಯ ಕೊನೆಯ ಬೆಂಚಿಗೆ ಕೇಳುವಂಥ ಅದೇ ದನಿಯಲ್ಲಿ ಹೇಳಿದರು.

“ಬ್ಯಾರೆದಂವ ಅಲ್ಲಪಾ. ಎರಡೂ ಒಬ್ಬನ ಮಾಡ್ಯಾನ. ನನ್ನ ವಿದ್ಯಾರ್ಥಿ.”